ಜರ್ಮನಿಯ ಅರಸಿಯರೂ ಅವರ ಮನೆಗಳೂ

ಅರಮನೆಯೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ಮನಸ್ಸಿನಲ್ಲಿ ಸಾಲುದೀಪಗಳೂ ರತ್ನಗಂಬಳಿಗಳೂ ಪಟ್ಟೆಯುಡುಗೆಗಳೂ ಮೂಡುವುವು. ಅಲ್ಲಿ ವಾಸಿಸುವ ಅರಸಿಗೆ ಯಾವ ಕೊರತೆಯೂ ಇರಲಾರದೆಂದು ಎಳೆಯರು ಎಣಿಸುವುದುಂಟು, ದೊಡ್ಡವರೂ ಎಣಿಸುವುದುಂಟು. ಆದರೆ ಯಾವ ಅರಮನೆಯನ್ನು ಕುರಿತೇ ಆಗಲಿ ಕೆಲವು ಪ್ರಶ್ನೆಗಳನ್ನು ಕೇಳತಕ್ಕದ್ದು ನ್ಯಾಯವಾಗಿದೆ. ಆ ಮನೆಯು ಯಾರದು? ಅದರ ಬೀಗದ ಕೈ ಯಾರ ವಶದಲ್ಲಿತ್ತು? ಅರಸನು ತೀರಿಕೊಂಡ ಮೇಲೆ ಅರಸಿಯು ಎಲ್ಲಿಗೆ ಹೋಗಬೇಕಾಗಿತ್ತು? ಜರ್ಮನ್ ಸಂಸ್ಥಾನಗಳ ಅರಸಿಯರ ವಿಷಯದಲ್ಲಿ ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳು ಕೌತುಕವನ್ನೂ ಕೆಲವೆಡೆ ಮರುಕವನ್ನೂ ಹುಟ್ಟಿಸುವುವು. ಹೆಣ್ಣು ಮಕ್ಕಳ ವಿದ್ಯೆಯ ಪ್ರಯೋಜನವೇನೆಂದು ಕೇಳುವವರಿಗೂ ಅವುಗಳಲ್ಲಿ ತಕ್ಕ ಉತ್ತರವುಂಟು. ಆದುದರಿಂದ ಆ ಸಂಗತಿಗಳಲ್ಲಿ ಕೆಲವನ್ನು ವಾಚಕರ ಮುಂದಿಡುವೆವು.

ಮೊದಲು ಆ ನಾಡಿನ ಸ್ಥಿತಿಯನ್ನು ತಿಳಿಯಬೇಕು. ಈಗ ಜರ್ಮನಿಯೆಂದು ನಾವು ಕರೆಯುವ ದೇಶವು 1871ನೆಯ ಇಸವಿಯ ವರೆಗೆ ಒಂದೇ ರಾಜ್ಯವಾಗಿರಲಿಲ್ಲ. 1806ರಲ್ಲಿ ಹಳೆಯ ಚಕ್ರಾಧಿಪತ್ಯವು ಮುರಿದುಬೀಳುವ ತನಕ ಅದರೊಳಗೆ ಸುಮಾರು 300 ಸಂಸ್ಥಾನಗಳಿದ್ದುವು. ಕೆಲವನ್ನು ಅರಸರೂ ಡ್ಯೂಕರೂ ಆಳುತ್ತಿದ್ದರು. ಕೆಲವನ್ನು ಬಿಷಪರು ಆಳುತ್ತಿದ್ದರು. ಕೆಲವು ಸ್ವತಂತ್ರ ಪಟ್ಟಣಗಳಾಗಿದ್ದುವು. ಒಂದೊಂದು ಸಂಸ್ಥಾನವು ನಮ್ಮ ಒಂದು ತಾಲೂಕಿಗಿಂತ ದೊಡ್ಡದಾಗಿರಲಿಲ್ಲವಾದರೂ ಅದಕ್ಕೆ ತನ್ನದೇ ಆದ ದರ್ಬಾರು, ಕಾವಲುಪಡೆ, ತೋಟ, ಬೇಟೆಯ ಮನೆ ಇವೆಲ್ಲ ಇರುತ್ತಿದ್ದುವು. ಇಷ್ಟು ಅರಮನೆಗಳಿದ್ದುದರಿಂದಲೇ ಇಷ್ಟು ಮಂದಿ ಅರಸಿಯರ ಚರಿತ್ರೆಯು ನಮಗೆ ಉಳಿದಿದೆ. ಈ ವೈಭವವೆಲ್ಲವೂ ಒಕ್ಕಲಿಗರ ಕಂದಾಯದಿಂದಲೂ ಬಿಟ್ಟಿ ದುಡಿಮೆಯಿಂದಲೂ ನಡೆಯುತ್ತಿತ್ತೆಂಬುದನ್ನು ಮಾತ್ರ ಮರೆಯಬಾರದು.

ಈ ಸಂಸ್ಥಾನಗಳಲ್ಲಿ ಹೆಚ್ಚುಕಡಿಮೆ ಎಲ್ಲಾ ಕಡೆಯೂ ಪಟ್ಟವು ಗಂಡು ಮಕ್ಕಳಿಗೇ ಸಲ್ಲುತ್ತಿತ್ತು. ಅರಸನ ಮಗಳು ತಂದೆಯ ನೆಲಕ್ಕೆ ಹಕ್ಕುದಾರಳಲ್ಲ. ಮದುವೆಯ ಕಾಲದಲ್ಲಿ ಅವಳು ಆ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆದುಕೊಡುವ ವಾಡಿಕೆಯೂ ಇತ್ತು. ಅದಕ್ಕೆ ಬದಲಾಗಿ ತೌರಿನವರು ವರದಕ್ಷಿಣೆಯ ಹಣವನ್ನೂ, ಬೆಳ್ಳಿಯ ಪಾತ್ರೆ, ಹಾಸಿಗೆ, ನಾರುಬಟ್ಟೆ, ಒಡವೆಗಳನ್ನೂ ಕೊಟ್ಟು ಕಳುಹಿಸುತ್ತಿದ್ದರು. ಮದುವೆಯ ಮರುದಿನ ಬೆಳಿಗ್ಗೆ ವರನು ಕೊಡುತ್ತಿದ್ದ ಉಡುಗೊರೆಗೆ ಮೊರ್ಗೆನ್‌ಗಾಬೆ, ಎಂದರೆ ‘ಮುಂಜಾವದ ಕಾಣಿಕೆ’, ಎಂದು ಹೆಸರು. ಅದು ವಧುವಿನ ಸ್ವಂತ ಸೊತ್ತು. ಇವೆರಡಕ್ಕಿಂತಲೂ ಮುಖ್ಯವಾದದ್ದು ಮೂರನೆಯದು. ಗಂಡನು ಮುಂದಾಗಿ ತೀರಿಕೊಂಡರೆ ಹೆಂಡತಿಯು ಯಾವ ಕೋಟೆಯಲ್ಲಿ ಅಥವಾ ಮನೆಯಲ್ಲಿ ಇರತಕ್ಕದ್ದು, ಯಾವ ಗ್ರಾಮಗಳ ಉತ್ಪತ್ತಿಯು ಅವಳಿಗೆ ಸಲ್ಲತಕ್ಕದ್ದು, ವರ್ಷಕ್ಕೆ ಎಷ್ಟು ಸೌದೆ, ಎಷ್ಟು ಧಾನ್ಯ, ಎಷ್ಟು ದ್ರಾಕ್ಷಾರಸ ಅವಳಿಗೆ ಮುಟ್ಟತಕ್ಕದ್ದು ಎಂಬುದನ್ನು ವಿವಾಹದ ಕರಾರಿನಲ್ಲಿಯೇ ಬರೆದಿಡುತ್ತಿದ್ದರು. ಇದಕ್ಕೆ ವಿಟುಮ್ ಎಂದು ಹೆಸರು. ವಿಧವೆಯ ಜೀವನಾಂಶವೆಂದು ಅರ್ಥ. ಹದಿನಾರು ಹದಿನೇಳರ ಹುಡುಗಿಯು ಹಸೆಯೇರುವುದಕ್ಕೆ ಮುಂಚೆಯೇ ಅವಳ ವೈಧವ್ಯದ ಮನೆಯು ಗೊತ್ತಾಗಿಬಿಡುತ್ತಿತ್ತು! ಕೇಳುವುದಕ್ಕೆ ಅಮಂಗಳವೆಂದು ತೋರಬಹುದು. ಆದರೆ ಆ ಕಾಗದವೇ ಅವಳಿಗೆ ಆಧಾರವಾಗಿತ್ತು. ಅರಸನು ಸತ್ತೊಡನೆ ದೊಡ್ಡ ಅರಮನೆಯು ಹೊಸ ಅರಸನದೂ ಅವನ ಪತ್ನಿಯದೂ ಆಗುತ್ತಿತ್ತು. ಹಳೆಯ ಅರಸಿಯು ಅಲ್ಲಿಂದ ಹೊರಡಲೇಬೇಕಾಗಿತ್ತು.

ಗಂಡನು ಜೀವಿಸಿದ್ದಾಗ ಅರಸಿಯ ವಾಸವು ಹೇಗಿತ್ತೆಂಬುದಕ್ಕೆ ಜರ್ಮನ್ ಭಾಷೆಯ ಒಂದು ಮಾತೇ ಸಾಕ್ಷಿಯಾಗಿದೆ. ಫ್ರಾವೆನ್‌ತ್ಸಿಮರ್ ಎಂದರೆ ಮೂಲದಲ್ಲಿ ‘ಹೆಂಗಸರ ಕೋಣೆ’. ಅರಸಿ, ಅವಳ ಹೆಣ್ಣು ಮಕ್ಕಳು, ಗೆಳತಿಯರಾಗಿ ಬಂದ ಕುಲೀನ ಕನ್ಯೆಯರು, ಊಳಿಗದವರು ಇವರೆಲ್ಲರೂ ಇರುತ್ತಿದ್ದ ಅಂತಃಪುರಕ್ಕೆ ಈ ಹೆಸರಿತ್ತು. ಕಾಲಕ್ರಮದಲ್ಲಿ ಆ ಕೋಣೆಯಲ್ಲಿರುವ ಸ್ತ್ರೀಸಮೂಹಕ್ಕೂ ಅದೇ ಹೆಸರಾಯಿತು. ಕೊನೆಗೆ ಒಬ್ಬಳೇ ಹೆಂಗಸನ್ನು ಕೂಡ ಅದೇ ಮಾತಿನಿಂದ ಕರೆಯತೊಡಗಿದರು. ಕೋಣೆಗೂ ಅದರೊಳಗಿನವಳಿಗೂ ಭೇದವೇ ಇಲ್ಲವಾಯಿತು. ಈ ಅಂತಃಪುರಗಳಿಗೆ ಬರಹದ ಕಟ್ಟಳೆಗಳಿದ್ದುವು. ಬಾಗಿಲನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ಹೊರಗಿನ ಗಂಡಸರು ಯಾವ ಹೊತ್ತಿನಲ್ಲಿ ಬರಬಹುದು, ಯಾರು ಎಲ್ಲಿ ಕುಳಿತು ಉಣ್ಣಬೇಕು ಎಂಬುದೆಲ್ಲ ಅವುಗಳಲ್ಲಿ ಲಿಖಿತವಾಗಿತ್ತು. ಹಿರಿಯಳಾದ ಒಬ್ಬ ಮೇಲ್ವಿಚಾರಕಳು ಇವನ್ನು ನಡೆಸುತ್ತಿದ್ದಳು. ಕುಲೀನ ಮನೆತನದವರು ತಮ್ಮ ಹೆಣ್ಣು ಮಕ್ಕಳನ್ನು ನಡೆ ನುಡಿ ಕಸೂತಿಗಳನ್ನು ಕಲಿಯಲೆಂದು ಇಲ್ಲಿಗೆ ಕಳುಹಿಸುತ್ತಿದ್ದುದರಿಂದ ಇದು ಸೆರೆಯಂತೆಯೂ ಶಾಲೆಯಂತೆಯೂ ಇತ್ತೆನ್ನಬಹುದು.

ಆದರೆ ಅಂತಃಪುರದಲ್ಲಿದ್ದವರೆಲ್ಲರೂ ಸುಮ್ಮನೆ ಕುಳಿತಿದ್ದರೆಂದು ತಿಳಿಯಬಾರದು. ಸಾಕ್ಸನಿಯ ಅರಸನಾದ ಔಗುಸ್ಟನ ಪತ್ನಿ ಅನ್ನಾ ಎಂಬವಳು ಡೆನ್ಮಾರ್ಕಿನ ರಾಜಪುತ್ರಿ. ಅವಳು 1532ರಲ್ಲಿ ಹುಟ್ಟಿ 1548ರಲ್ಲಿ ಮದುವೆಯಾದಳು. ಅವಳಿಗೆ ಹುಟ್ಟಿದ ಹದಿನೈದು ಮಕ್ಕಳಲ್ಲಿ ನಾಲ್ವರು ಮಾತ್ರ ಪ್ರಾಯಕ್ಕೆ ಬಂದರು. ಅರಮನೆಯ ಗೋಡೆಗಳು ಕೂಸುಗಳನ್ನು ಜ್ವರದಿಂದ ಕಾಯಲಾರವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಈ ಅನ್ನಾ ರಾಣಿಯು ಗಿಡಮೂಲಿಕೆಗಳ ಗುಣವನ್ನು ಕಲಿತು, ಭಟ್ಟಿಯಿಳಿಸುವ ಸಾಲೆಗಳನ್ನಿಟ್ಟು, ಔಷಧಗಳನ್ನು ತಾನೇ ಸಿದ್ಧಪಡಿಸುತ್ತಿದ್ದಳು. ನೆಂಟರಾದ ಅರಸುಮನೆಗಳವರೂ ಬಡವರೂ ಅವಳಿಂದ ಮದ್ದನ್ನು ಪಡೆಯುತ್ತಿದ್ದರು. ಅರಮನೆಗೆ ಸೇರಿದ ಹೊಲ ಹಟ್ಟಿಗಳ ಲೆಕ್ಕವನ್ನು ನೋಡಿ, ಹಾಲು ಬೆಣ್ಣೆಗಳ ಉತ್ಪತ್ತಿಯನ್ನು ಅವಳು ಹೆಚ್ಚಿಸಿದಳು. 1570ರ ದಶಕದಲ್ಲಿ ಕಟ್ಟಿದ ಒಂದು ಅರಮನೆಗೆ ಅವಳ ಹೆಸರನ್ನೇ ಇಟ್ಟು ಅನ್ನಾಬುರ್ಗ್ ಎಂದು ಕರೆದರು. ಅವಳು 1585ರಲ್ಲಿ ಮರಣ ಹೊಂದಿದಳು. ಜನರು ಅವಳನ್ನು ‘ತಾಯಿ ಅನ್ನಾ’ ಎಂದು ನೆನೆದದ್ದು ಅವಳ ಒಡವೆಗಳಿಗಾಗಿ ಅಲ್ಲ.

ಮದುವೆಯಾಗದ ರಾಜಕನ್ಯೆಯರ ಪಾಡೇನು? ಅವರಿಗೂ ಒಂದು ಬಗೆಯ ಮನೆಗಳಿದ್ದುವು. ಚಕ್ರವರ್ತಿಯಾದ ಒಂದನೆಯ ಓಟ್ಟೋನು 936ರಲ್ಲಿ ತಾಯಿಯಾದ ಮಟಿಲ್ಡಾ ರಾಣಿಯ ಕೋರಿಕೆಯಂತೆ ಕ್ವೆಡ್ಲಿನ್‌ಬುರ್ಗ್ ಎಂಬಲ್ಲಿ ಸ್ತ್ರೀಯರಿಗಾಗಿ ಒಂದು ಮಠವನ್ನು ಸ್ಥಾಪಿಸಿದನು. ಹದಿನಾರನೆಯ ಶತಮಾನದ ಮತಸುಧಾರಣೆಯ ತರುವಾಯವೂ ಅದು ಪ್ರೊಟೆಸ್ಟಂಟ್ ಸ್ತ್ರೀನಿವಾಸವಾಗಿ ಉಳಿಯಿತು. ಅಲ್ಲಿದ್ದವರು ಪ್ರಾರ್ಥನೆಯ ನಿಯಮಗಳನ್ನು ಅನುಸರಿಸಿ ಒಟ್ಟಿಗೆ ವಾಸಿಸುತ್ತಿದ್ದರೂ ಜೀವಮಾನದ ವ್ರತವನ್ನು ತೊಟ್ಟಿರಲಿಲ್ಲ. ಇಷ್ಟವಿದ್ದರೆ ಬಿಟ್ಟುಹೋಗಿ ಮದುವೆಯಾಗಬಹುದಾಗಿತ್ತು. ಇದರ ಮುಖ್ಯಸ್ಥಳಾದ ಅಬ್ಬೆಸ್ಸಳು ಬರಿಯ ಮಠಾಧಿಕಾರಿಯಲ್ಲ. ಒಂದು ಸಣ್ಣ ನಾಡಿನ ಒಡತಿ. ಚಕ್ರಾಧಿಪತ್ಯದ ಮಹಾಸಭೆಯಲ್ಲಿ ಅವಳಿಗೆ ಸ್ಥಾನವೂ ಮತವೂ ಇದ್ದುವು. ಹೆಂಗಸರಿಗೆ ಪಟ್ಟವೇ ಸಲ್ಲದ ಆ ನಾಡಿನಲ್ಲಿ ಹೀಗೆ ಕೆಲವರು ಹೆಂಗಸರು 1803ರ ಸುಮಾರಿನ ತನಕ ತಮ್ಮ ಹಕ್ಕಿನಿಂದಲೇ ಆಳಿದರು.

ಹೆರ್ಫೋರ್ಡ್ ಎಂಬಲ್ಲಿಯೂ ಇಂಥ ನಿವಾಸವೊಂದಿತ್ತು. 1667ರಿಂದ 1680ರ ತನಕ ಅದರ ಅಬ್ಬೆಸ್ಸಳಾಗಿದ್ದವಳು ಪಾಲಟಿನೇಟಿನ ಎಲಿಸಬೆತ್. ಅವಳ ತಂದೆಯು ಬೊಹೀಮಿಯ ದೇಶದ ಪಟ್ಟವನ್ನು 1620ರಲ್ಲಿ ಕಳೆದುಕೊಂಡು ಹಾಲೆಂಡಿನಲ್ಲಿ ಆಶ್ರಯ ಪಡೆದವನು. ಆಸ್ತಿಯಿಲ್ಲದ ಈ ಕನ್ಯೆಗೆ ಇದ್ದ ಐಶ್ವರ್ಯವು ವಿದ್ಯೆಯೊಂದೇ. 1643ರಿಂದ 1650ರಲ್ಲಿ ತತ್ತ್ವಜ್ಞಾನಿಯಾದ ಡೆಕಾರ್ಟನು ಸಾಯುವ ತನಕ ಅವಳು ಅವನೊಡನೆ ಪತ್ರವ್ಯವಹಾರ ನಡೆಸಿದಳು. ಮನಸ್ಸು ಜಡವಸ್ತುವಲ್ಲವಾದರೆ ಅದು ಜಡವಾದ ದೇಹವನ್ನು ಹೇಗೆ ಚಲಿಸುವಂತೆ ಮಾಡುವುದು ಎಂಬ ಅವಳ ಪ್ರಶ್ನೆಯು ಆ ಪಂಡಿತನನ್ನೂ ತೊಡಕಿಗೆ ಸಿಕ್ಕಿಸಿತು. ಇಂದಿಗೂ ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದುವರು. 1644ರಲ್ಲಿ ಅಚ್ಚಾದ ತನ್ನ ಮುಖ್ಯ ಗ್ರಂಥವೊಂದನ್ನು ಡೆಕಾರ್ಟನು ಅವಳಿಗೇ ಅರ್ಪಿಸಿದನು. ಅವಳಿಗೆ ಮನೆಯೊಂದು ಕೈಸೇರಿದ ಮೇಲೆ, ಬೇರೆ ಊರುಗಳಲ್ಲಿ ಮತದ ನಿಮಿತ್ತ ಹಿಂಸೆಗೊಳಗಾದವರಿಗೆ ಅವಳು ಅಲ್ಲಿ ಆಶ್ರಯವನ್ನಿತ್ತಳು.

ಎಲಿಸಬೆತಳ ತಂಗಿಯಾದ ಸೊಫಿಯಳು 1658ರಲ್ಲಿ ಮದುವೆಯಾಗಿ ಹಾನೋವರಿನ ಅರಸಿಯಾದಳು. ಆ ಪಟ್ಟಣದ ಹೊರಗಣ ಹೆರೆನ್‌ಹೌಸೆನ್ ಎಂಬ ತೋಟದ ಅರಮನೆಯಲ್ಲಿ ಅವಳು ತನ್ನ ಬೇಸಿಗೆಗಳನ್ನೂ, 1698ರಲ್ಲಿ ವಿಧವೆಯಾದ ಮೇಲಣ ವರ್ಷಗಳನ್ನೂ ಕಳೆದಳು. ಅಲ್ಲಿಯ ಮಹೋದ್ಯಾನವನ್ನು ಬೆಳೆಸಿದವಳು ಅವಳೇ. ಪಂಡಿತನಾದ ಲೈಬ್ನಿತ್ಸನು ಅವಳೊಡನೆ ಆ ತೋಟದ ಹಾದಿಗಳಲ್ಲಿ ಅಡ್ಡಾಡುತ್ತ ವಾದಮಾಡುತ್ತಿದ್ದನು. ಇಂಗ್ಲೆಂಡಿನ ಪಾರ್ಲಿಮೆಂಟು 1701ರಲ್ಲಿ ಮಾಡಿದ ಕಾಯಿದೆಯಂತೆ ಅವಳು ಆ ದೇಶದ ಪಟ್ಟಕ್ಕೆ ಉತ್ತರಾಧಿಕಾರಿಯಾಗಿದ್ದಳು. ಆದರೆ 1714ನೆಯ ಜೂನ್ ತಿಂಗಳಲ್ಲಿ ತನ್ನ ತೋಟದಲ್ಲಿಯೇ ಅಡ್ಡಾಡುತ್ತಿದ್ದಾಗ ಕುಸಿದುಬಿದ್ದು ಪ್ರಾಣಬಿಟ್ಟಳು. ಎರಡು ತಿಂಗಳು ತುಂಬುವುದರೊಳಗೆ ಇಂಗ್ಲೆಂಡಿನ ರಾಣಿಯೂ ತೀರಿಕೊಂಡುದರಿಂದ ಸೊಫಿಯಳ ಮಗನು ಒಂದನೆಯ ಜಾರ್ಜನೆಂಬ ಹೆಸರಿನಿಂದ ಸಿಂಹಾಸನವನ್ನೇರಿದನು.

ಹೆರೆನ್‌ಹೌಸೆನಿನ ಹಾದಿಗಳಲ್ಲಿ ಅತ್ತೆಯು ಪಂಡಿತರೊಡನೆ ಅಡ್ಡಾಡುತ್ತಿದ್ದ ಕಾಲದಲ್ಲಿಯೇ ಸೊಸೆಯು ಮತ್ತೊಂದು ಮನೆಯಲ್ಲಿ ಸೆರೆಯಾಗಿದ್ದಳು. ಈ ಜಾರ್ಜನ ಹೆಂಡತಿ ಸೊಫಿಯ ಡೊರೊತೆಯಾ. ಅವಳು ಸೆಲ್ಲೆ ಎಂಬ ನೆರೆಯ ಸಂಸ್ಥಾನದ ಡ್ಯೂಕನ ಒಬ್ಬಳೇ ಮಗಳು. 1682ರಲ್ಲಿ, ಎರಡು ಸಂಸ್ಥಾನಗಳನ್ನು ಒಂದುಗೂಡಿಸಬೇಕೆಂಬ ಆಲೋಚನೆಯಿಂದ, ಹದಿನಾರು ವಯಸ್ಸಿನ ಅವಳನ್ನು ದಾಯಾದಿಯಾದ ಜಾರ್ಜನಿಗೆ ಕೊಟ್ಟರು. ಪರಸ್ಪರ ಪ್ರೀತಿಯಿಲ್ಲದ ಆ ದಾಂಪತ್ಯವು 1694ರಲ್ಲಿ ಮುರಿದುಬಿತ್ತು. ಗಂಡನಿಗೆ ಬೇರೆ ಹೆಂಗಸಿನ ಸಹವಾಸವಿದ್ದುದು ಎಲ್ಲರಿಗೂ ತಿಳಿದಿತ್ತು, ಅದಕ್ಕೆ ಶಿಕ್ಷೆಯಿರಲಿಲ್ಲ. ಹೆಂಡತಿಗೆ ಬೇರೊಬ್ಬನಲ್ಲಿ ಅನುರಾಗವಿತ್ತೆಂದು ಕಂಡುಬಂದಾಗ ಅವಳನ್ನು ಆಲ್ಡೆನ್ ಎಂಬ ಹಳ್ಳಿಯ ದೊಡ್ಡ ಮನೆಯಲ್ಲಿ ಕಾವಲಿನಲ್ಲಿಟ್ಟರು. ಊಳಿಗದವರಿದ್ದರು, ಬೆಳ್ಳಿಯ ತಟ್ಟೆಗಳಿದ್ದುವು, ರಥವೂ ಇತ್ತು. ಆದರೆ ರಥವು ಗೊತ್ತುಪಡಿಸಿದ ಎಲ್ಲೆಯನ್ನು ದಾಟುವಂತಿರಲಿಲ್ಲ. ಮಗನನ್ನಾಗಲಿ ಮಗಳನ್ನಾಗಲಿ ಅವಳು ಮತ್ತೆಂದೂ ಕಾಣಲಿಲ್ಲ. ಮೂವತ್ತಕ್ಕೂ ಮಿಕ್ಕ ವರ್ಷಗಳ ತರುವಾಯ, 1726ರಲ್ಲಿ, ಅವಳು ಅಲ್ಲಿಯೇ ಸತ್ತಳು. ಅವಳ ಮಗನು ಇಂಗ್ಲೆಂಡಿನ ಎರಡನೆಯ ಜಾರ್ಜನಾದನು. ಮಗಳು ಪ್ರಷ್ಯದ ರಾಣಿಯಾದಳು. ಆಲ್ಡೆನಿನ ಮನೆಯು ಯಾರದೆಂದು ಕೇಳಿದರೆ, ಅದರ ಬೀಗದ ಕೈಯನ್ನು ಹಿಡಿದವರದೆಂದೇ ಹೇಳಬೇಕಾಗಿದೆ.

ಆ ಪ್ರಷ್ಯದ ರಾಣಿಯ ಮಗಳೇ, ಎಂದರೆ ಆಲ್ಡೆನಿನ ಸೆರೆಯಾಳಿನ ಮೊಮ್ಮಗಳೇ, ಬೈರೊಯ್ಟಿನ ವಿಲ್ಹೆಲ್ಮೀನೆ. ಮಹಾ ಫ್ರೆಡ್ರಿಕ್ ರಾಜನ ಅಚ್ಚುಮೆಚ್ಚಿನ ಅಕ್ಕನಾದ ಇವಳು 1709ರಲ್ಲಿ ಬರ್ಲಿನಿನಲ್ಲಿ ಹುಟ್ಟಿದಳು. ಕಠಿನ ಸ್ವಭಾವದ ತಂದೆಯ ಮನೆಯಲ್ಲಿ ಬಾಲ್ಯವನ್ನು ಕಳೆದು, 1731ರಲ್ಲಿ ಸಣ್ಣ ಸಂಸ್ಥಾನವಾದ ಬೈರೊಯ್ಟಿಗೆ ಸೊಸೆಯಾಗಿ ಬಂದಳು. ಗಂಡನು 1735ರಲ್ಲಿ ಪಟ್ಟಕ್ಕೆ ಬಂದಾಗ ಊರ ಹೊರಗಣ ಏರಮಿಟಾಜ್ ಎಂಬ ವಿಹಾರಸ್ಥಾನವನ್ನು ಅವಳಿಗೆ ಕಾಣಿಕೆಯಾಗಿ ಕೊಟ್ಟನು. ಅವಳು ಅದನ್ನು ತನ್ನ ಅಭಿರುಚಿಯಂತೆ ವಿಸ್ತರಿಸಿದಳು. ಅಲ್ಲಿಯೇ ಓದಿದಳು, ಸಂಗೀತವನ್ನು ರಚಿಸಿದಳು, ತನ್ನ ಜೀವನಚರಿತ್ರೆಯನ್ನು ಫ್ರೆಂಚ್ ಭಾಷೆಯಲ್ಲಿ ಬರೆದಳು. ತನ್ನ ಒಬ್ಬಳೇ ಮಗಳ ಮದುವೆಗಾಗಿ ಅವಳು ಕಟ್ಟಿಸಿದ ಸಂಗೀತನಾಟಕಶಾಲೆಯು 1748ರಲ್ಲಿ ತೆರೆಯಲ್ಪಟ್ಟಿತು. ಒಳಭಾಗವೆಲ್ಲ ಮರದ ಕೆತ್ತನೆಯಾದ ಆ ಶಾಲೆಯು ಬೆಂಕಿಗೂ ಯುದ್ಧಕ್ಕೂ ತಪ್ಪಿಸಿಕೊಂಡು ಇಂದಿಗೂ ನಿಂತಿದೆ. 2012ರಲ್ಲಿ ಅದು ಲೋಕದ ಪರಂಪರೆಯ ಸ್ಥಾನಗಳ ಪಟ್ಟಿಗೆ ಸೇರಿತು. ಆದರೆ ಅಲ್ಲಿ ಅಷ್ಟು ಸಂಭ್ರಮದಿಂದ ನೆರವೇರಿದ ಆ ಮದುವೆಯು ಸುಖಕರವಾಗಲಿಲ್ಲ. ಕೆಲವು ವರ್ಷಗಳಲ್ಲಿಯೇ ಮಗಳು ಗಂಡನನ್ನು ಬಿಟ್ಟು ತೌರಿಗೆ ಮರಳಿದಳು.

ವೈಧವ್ಯದ ಮನೆಯೆಂದರೆ ಬಾಳಿನ ಕೊನೆಯೆಂದೇ ಹಲವರು ತಿಳಿದಿದ್ದರು. ಅದು ಬಾಳಿನ ಆರಂಭವೂ ಆಗಬಹುದೆಂದು ತೋರಿಸಿಕೊಟ್ಟವಳು ವೈಮಾರಿನ ಅನ್ನಾ ಅಮಾಲಿಯಾ. ವಿಲ್ಹೆಲ್ಮೀನೆಯ ತಂಗಿಯ ಮಗಳಾದ ಇವಳು 1739ನೆಯ ಅಕ್ಟೋಬರ್ 24ರಲ್ಲಿ ವೋಲ್ಫೆನ್‌ಬ್ಯುಟ್ಟೆಲ್ ಎಂಬಲ್ಲಿ ಹುಟ್ಟಿದಳು. 1756ರಲ್ಲಿ ಸಾಕ್ಸ್-ವೈಮಾರಿನ ಡ್ಯೂಕನೊಡನೆ ಮದುವೆಯಾಯಿತು. 1757ರಲ್ಲಿ ಮೊದಲನೆಯ ಮಗನು ಹುಟ್ಟಿದನು. 1758ನೆಯ ಮೇ ತಿಂಗಳಲ್ಲಿ ಗಂಡನು ತೀರಿಕೊಂಡನು. ಅದೇ ಸಪ್ಟೆಂಬರಿನಲ್ಲಿ ಎರಡನೆಯ ಮಗನು ಹುಟ್ಟಿದನು. ಆಗ ಅವಳಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಕೂಸಿನ ಹೆಸರಿನಲ್ಲಿ ಆಳುವುದಕ್ಕೆ ಕಾನೂನಿನ ಪ್ರಕಾರ ಅವಳಿಗೇ ಪ್ರಾಯ ಸಾಲದು! ಚಕ್ರವರ್ತಿಯು ಅವಳನ್ನು ಪ್ರಾಯಕ್ಕೆ ಬಂದವಳೆಂದು ಅಂಗೀಕರಿಸಿದ ಮೇಲೆ 1759ರಲ್ಲಿ ಅವಳು ರಾಜ್ಯಭಾರವನ್ನು ವಹಿಸಿಕೊಂಡಳು.

ಆ ಕಾಲವು ಸಾಮಾನ್ಯವಾದದ್ದಲ್ಲ. 1756ರಿಂದ 1763ರ ತನಕ ನಡೆದ ಸಪ್ತವರ್ಷಗಳ ಯುದ್ಧದಲ್ಲಿ ಅವಳ ಸೋದರಮಾವನಾದ ಫ್ರೆಡ್ರಿಕ್ ರಾಜನು ಒಂದು ಕಡೆಯೂ, ಅವಳ ಒಡೆಯನಾದ ಚಕ್ರವರ್ತಿಯು ಮತ್ತೊಂದು ಕಡೆಯೂ ಇದ್ದರು. ಸಣ್ಣ ಸಂಸ್ಥಾನವು ಸಾಲದಲ್ಲಿ ಮುಳುಗಿತ್ತು. ಇಬ್ಬರ ಬೇಡಿಕೆಗಳ ನಡುವೆ ಅವಳು ಹದಿನಾರು ವರ್ಷ ನಾಡನ್ನು ನಡೆಸಿದಳು. ಹಳೆಯ ಒಂದು ಅರಮನೆಯನ್ನು ಮಾರ್ಪಡಿಸಿ 1766ರ ಹೊತ್ತಿಗೆ ಸಂಸ್ಥಾನದ ಪುಸ್ತಕಗಳನ್ನೆಲ್ಲ ಅಲ್ಲಿಗೆ ಸಾಗಿಸಿದಳು. 1772ರಲ್ಲಿ ಕವಿಯಾದ ವೀಲಂಡನನ್ನು ಮಗನಿಗೆ ಗುರುವಾಗಿ ನೇಮಿಸಿದಳು. 1775ನೆಯ ಸಪ್ಟೆಂಬರಿನಲ್ಲಿ ಮಗನಿಗೆ ಹದಿನೆಂಟು ತುಂಬಿದ ದಿವಸವೇ ರಾಜ್ಯವನ್ನು ಅವನ ಕೈಗೆ ಒಪ್ಪಿಸಿದಳು. ಅದೇ ವರ್ಷದ ನವೆಂಬರಿನಲ್ಲಿ ಮಹಾಕವಿ ಗಯಟೆಯು ವೈಮಾರಿಗೆ ಬಂದನು. ವೀಲಂಡನು ಮೊದಲೇ ಇದ್ದನು. ವೈಮಾರು ಜರ್ಮನ್ ಸಾಹಿತ್ಯದ ತೌರೂರಾದುದು ಹೀಗೆ.

ರಾಜ್ಯವನ್ನು ಬಿಟ್ಟುಕೊಟ್ಟಾಗ ಅವಳಿಗೆ ಮೂವತ್ತಾರೂ ತುಂಬಿರಲಿಲ್ಲ. ಹಿಂದಿನ ವರ್ಷವೇ, 1774ನೆಯ ಮೇ ತಿಂಗಳಲ್ಲಿ, ದೊಡ್ಡ ಅರಮನೆಯು ಬೆಂಕಿಗೆ ಆಹುತಿಯಾಗಿತ್ತು. ಮಂತ್ರಿಯೊಬ್ಬನು ತನಗಾಗಿ ಕಟ್ಟಿಸಿಕೊಂಡಿದ್ದ ಊರೊಳಗಣ ಮನೆಯೇ ಅವಳ ವಿಟುಮ್ ಮನೆಯಾಯಿತು. ಅದು ಬೀದಿಗೆ ತಾಗಿದ, ಆಡಂಬರವಿಲ್ಲದ ಮನೆ. ಅದರ ಒಂದು ಕೋಣೆಯಲ್ಲಿ ದುಂಡುಮೇಜನ್ನಿಟ್ಟು, ಅದರ ಸುತ್ತ ಕವಿಗಳೂ ಪಂಡಿತರೂ ಹೆಂಗಸರೂ ಜತೆಯಾಗಿ ಕುಳಿತು, ಒಬ್ಬರು ಓದುತ್ತ, ಒಬ್ಬರು ಚಿತ್ರ ಬರೆಯುತ್ತ, ಒಬ್ಬರು ಹೊಲಿಯುತ್ತ ಸಂಜೆಗಳನ್ನು ಕಳೆಯುತ್ತಿದ್ದರು. 1795ರ ಸುಮಾರಿಗೆ ಕ್ರೌಸನೆಂಬ ಚಿತ್ರಗಾರನು ಆ ಮೇಜನ್ನೂ ಅದರ ಸುತ್ತಲಿದ್ದವರನ್ನೂ ಚಿತ್ರಿಸಿದನು. ಅಲ್ಲಿ ಸಿಂಹಾಸನವಿಲ್ಲ, ಅರಸಿಯೂ ಉಳಿದವರಂತೆಯೇ ಒಂದು ಕುರ್ಚಿಯಲ್ಲಿ ಕುಳಿತಿದ್ದಾಳೆ. ಬೇಸಿಗೆಯಲ್ಲಿ ಅವಳು ಟೀಫುರ್ಟ್ ಎಂಬ ಹಳ್ಳಿಯ ಸಣ್ಣ ಮನೆಗೆ ಹೋಗುತ್ತಿದ್ದಳು. ಅಲ್ಲಿ 1781ರಿಂದ 1784ರ ತನಕ ಕೈಬರಹದ ಪತ್ರಿಕೆಯೊಂದನ್ನು ಹೊರಡಿಸಿದರು. ಅವಳೇ 1776ರಲ್ಲಿ ಗಯಟೆಯ ಒಂದು ಗೀತನಾಟಕಕ್ಕೆ ಸಂಗೀತವನ್ನು ಕೂಡಿಸಿದಳು. 1788ರಲ್ಲಿ ಇಟಲಿ ದೇಶಕ್ಕೆ ಹೊರಟು ಎರಡು ವರ್ಷ ಅಲ್ಲಿಯೇ ಇದ್ದು ಬಂದಳು. 1807ನೆಯ ಏಪ್ರಿಲಿನಲ್ಲಿ ಅವಳು ದಿವಂಗತಳಾದಳು.

ಆ ಪುಸ್ತಕಭಂಡಾರಕ್ಕೆ 1991ರಲ್ಲಿ ಅವಳ ಹೆಸರನ್ನಿಟ್ಟರು. 2004ನೆಯ ಸಪ್ಟೆಂಬರ್ 2ರ ರಾತ್ರಿ ಅದರ ಮೇಲ್ಭಾಗಕ್ಕೆ ಬೆಂಕಿ ತಗಲಿತು. ಊರಿನವರೂ ಕೆಲಸದವರೂ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿ ಹೊರಗೆ ತಂದರು. ಆದರೂ ಸುಮಾರು 50,000 ಪುಸ್ತಕಗಳು ಸುಟ್ಟುಹೋದುವು. ಇನ್ನು 62,000 ಪುಸ್ತಕಗಳು ಬೆಂಕಿಯಿಂದಲೂ ನೀರಿನಿಂದಲೂ ಕೆಟ್ಟುವು. ಅವಳು ಕೂಡಿಸಿದ್ದ ಸಂಗೀತದ ಹಸ್ತಪ್ರತಿಗಳ ಹೆಚ್ಚಿನ ಭಾಗವೂ ನಾಶವಾಯಿತು. ಕಟ್ಟಡವನ್ನು ಜೀರ್ಣೋದ್ಧಾರ ಮಾಡಿ 2007ನೆಯ ಅಕ್ಟೋಬರ್ 24ರಲ್ಲಿ, ಎಂದರೆ ಅವಳ ಜನ್ಮದಿನದಲ್ಲಿಯೇ, ಪುನಃ ತೆರೆದರು.

ಅನ್ನಾ ಅಮಾಲಿಯಳ ದೃಷ್ಟಿಯು ಪುಸ್ತಕಗಳ ಕಡೆಗಿದ್ದರೆ, ಡೆಟ್ಮೋಲ್ಡಿನ ಪೌಲೀನೆಯ ದೃಷ್ಟಿಯು ಬಡವರ ಗುಡಿಸಲುಗಳ ಕಡೆಗೆ ಹರಿಯಿತು. 1769ರಲ್ಲಿ ಅವಳು ಹುಟ್ಟಿದ ಕೆಲವು ದಿವಸಗಳಲ್ಲಿಯೇ ತಾಯಿಯು ಸತ್ತಳು. ತಂದೆಯು ಅವಳಿಗೆ ತಾನೇ ನಿಂತು ವಿದ್ಯೆ ಕಲಿಸಿ, ಸಂಸ್ಥಾನದ ಕಾಗದಪತ್ರಗಳ ಕೆಲಸದಲ್ಲಿ ಸಹಾಯಕ್ಕೆ ತೆಗೆದುಕೊಂಡನು. ಈ ಅಭ್ಯಾಸವು ವ್ಯರ್ಥವಾಗಲಿಲ್ಲ. 1796ರಲ್ಲಿ ಲಿಪ್ಪೆ ಸಂಸ್ಥಾನದ ಅರಸನನ್ನು ಮದುವೆಯಾದ ಅವಳು 1802ರಲ್ಲಿ ವಿಧವೆಯಾಗಿ, ಮಗನ ಹೆಸರಿನಲ್ಲಿ 1820ರ ತನಕ ರಾಜ್ಯವಾಳಿದಳು. ಹೊಲದ ಕೆಲಸಕ್ಕೆ ಹೋಗುವ ತಾಯಂದಿರು ಎಳೆಯ ಮಕ್ಕಳನ್ನು ಒಬ್ಬೊಬ್ಬರನ್ನೇ ಮನೆಯಲ್ಲಿ ಬಿಟ್ಟುಹೋಗುವುದನ್ನು ಕಂಡು, 1802ರಲ್ಲಿ ಅಂಥ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಒಂದು ಮನೆಯನ್ನು ಡೆಟ್ಮೋಲ್ಡಿನಲ್ಲಿ ಏರ್ಪಡಿಸಿದಳು. ಜರ್ಮನಿಯಲ್ಲಿ ಈ ಬಗೆಯ ಶಿಶುವಿಹಾರಗಳಿಗೆ ಅದೇ ಮೊದಲನೆಯದೆಂದು ಎಣಿಸುವರು. ಮಕ್ಕಳನ್ನು ಮೀಯಿಸಿ, ಶುಚಿಯಾದ ಉಡುಗೆ ತೊಡಿಸಿ, ಉಣಿಸಿ, ಸಂಜೆ ತಾಯಂದಿರಿಗೆ ಒಪ್ಪಿಸುತ್ತಿದ್ದರು. ದೊಡ್ಡ ಹುಡುಗಿಯರು ಅಲ್ಲಿಯೇ ಶಿಶುಪಾಲನೆಯನ್ನು ಕಲಿಯುತ್ತಿದ್ದರು. 1808ನೆಯ ದಶಂಬರದಲ್ಲಿ ಪೌಲೀನೆಯು ಹೊರಡಿಸಿದ ಆಜ್ಞೆಯಂತೆ ಮರುವರ್ಷದ ಮೊದಲ ದಿವಸದಿಂದ ಲಿಪ್ಪೆಯ ಒಕ್ಕಲುಗಳ ಜೀತವು ರದ್ದಾಯಿತು. ಅರಮನೆಯ ಕಿಟಕಿಯು ಯಾವ ದಿಕ್ಕಿಗೆ ತೆರೆದಿರುವುದೆಂಬುದು ಅದರೊಳಗಿನವಳ ಮನಸ್ಸನ್ನು ಅವಲಂಬಿಸಿದೆಯಲ್ಲವೇ!

ಕೊನೆಯದಾಗಿ ವುರ್ಟೆಂಬೆರ್ಗಿನ ಕಾತರೀನಾ ರಾಣಿಯ ಮಾತನ್ನು ಹೇಳುವೆವು. ರಷ್ಯದ ರಾಜಪುತ್ರಿಯಾದ ಅವಳು 1816ರಲ್ಲಿ ಸ್ಟುಟ್‌ಗಾರ್ಟಿಗೆ ರಾಣಿಯಾಗಿ ಬಂದಾಗ ನಾಡಿನಲ್ಲಿ ಘೋರ ಕ್ಷಾಮವಿತ್ತು. 1815ರಲ್ಲಿ ಈಗಿನ ಇಂಡೊನೇಶ್ಯದ ತಂಬೋರ ಜ್ವಾಲಾಮುಖಿಯು ಸಿಡಿದು, ಅದರ ಬೂದಿ ಹೊಗೆಗಳು ಆಕಾಶದಲ್ಲಿ ಹರಡಿ, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಇಲ್ಲದಂತಾಗಿತ್ತು, ಪೈರು ಕೊಳೆತುಹೋಗಿತ್ತು. ರಾಣಿಯು 1817ರಲ್ಲಿ ನಾಡಿಗೆಲ್ಲ ಅನ್ವಯಿಸುವ ಒಂದು ಪರೋಪಕಾರ ಸಂಘವನ್ನು ಕಟ್ಟಿದಳು. ಬಡವರು ತಮ್ಮ ಅಲ್ಪಸ್ವಲ್ಪ ಗಳಿಕೆಯನ್ನು ಇಡಲೆಂದು 1818ರಲ್ಲಿ ಉಳಿತಾಯದ ಬ್ಯಾಂಕನ್ನು ಸ್ಥಾಪಿಸಿದಳು. ಅದೇ ವರ್ಷದ ಆಗಸ್ಟಿನಲ್ಲಿ ಹೆಣ್ಣು ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದಳು. ಐದು ತಿಂಗಳು ಕಳೆಯುವುದರೊಳಗೆ, 1819ನೆಯ ಜನವರಿ 9ರಲ್ಲಿ, ಮೂವತ್ತೊಂದು ತುಂಬುವುದಕ್ಕೆ ಮುಂಚೆಯೇ ಅವಳು ಅಕಾಲಮರಣಕ್ಕೀಡಾದಳು. ಪತಿಯು ಅವಳಿಗಾಗಿ ಬೆಟ್ಟದ ಮೇಲೆ ಸಮಾಧಿಮಂದಿರವನ್ನು ಕಟ್ಟಿಸಿದನು. ಅವಳ ಶಾಲೆಯಾದರೋ ಅವಳ ಹೆಸರಿನಿಂದಲೇ ಇಂದಿಗೂ ನಡೆಯುತ್ತಿದೆ.

ಈ ನಾಡಿಗೂ ನಮ್ಮ ನುಡಿಗೂ ಒಂದು ನಂಟಿದೆ. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ವುರ್ಟೆಂಬೆರ್ಗಿನವರು. ಕಾತರೀನಾ ರಾಣಿಯು ಶಾಲೆಯನ್ನು ತೆರೆದಾಗ ಅವರು ಏಳು ವಯಸ್ಸಿನ ಬಾಲಕರು. ಆದರೂ ಆ ನಾಡಿನಲ್ಲಿ ಹೆಣ್ಣು ಮಕ್ಕಳ ವಿದ್ಯೆಯ ಹಾದಿಯು ಸುಗಮವಾಗಿತ್ತೆಂದು ಯಾರೂ ಭಾವಿಸಬಾರದು. ಆ ಶಾಲೆಯು ಮೇಲಿನ ತರಗತಿಯ ಮನೆತನಗಳ ಹುಡುಗಿಯರಿಗಾಗಿ ಹುಟ್ಟಿದುದು. ಅಲ್ಲಿ ಕಲಿತವರಿಗೂ ಮುಂದೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಅದೇ ನಾಡಿನ ಟ್ಯುಬಿಂಗೆನ್ ವಿಶ್ವವಿದ್ಯಾನಿಲಯವು ಸ್ತ್ರೀಯರನ್ನು ಪೂರ್ಣ ವಿದ್ಯಾರ್ಥಿನಿಯರನ್ನಾಗಿ ಸೇರಿಸಿಕೊಂಡುದು 1904ರಲ್ಲಿ. ಎಂಭತ್ತಾರು ವರ್ಷ, ಎಂದರೆ ಮೂರು ತಲೆಮಾರು, ಕಾಯಬೇಕಾಯಿತು.

1918ನೆಯ ನವೆಂಬರಿನಲ್ಲಿ ಜರ್ಮನಿಯ ಅರಸರೆಲ್ಲರೂ ಪಟ್ಟವನ್ನು ಬಿಟ್ಟಿಳಿದರು. ಅಲ್ಲಿಗೆ ವಿಟುಮ್ ಮನೆಗಳ ಕಾಲವೂ ಮುಗಿಯಿತು. 1919ನೆಯ ಜನವರಿಯಲ್ಲಿ ಆ ದೇಶದ ಸ್ತ್ರೀಯರು ರಾಷ್ಟ್ರೀಯ ಚುನಾವಣೆಯಲ್ಲಿ ಮೊದಲನೆಯ ಸಲ ಮತ ಕೊಟ್ಟರು. ಆರಿಸಲ್ಪಟ್ಟವರಲ್ಲಿ 37 ಮಂದಿ ಸ್ತ್ರೀಯರಿದ್ದರು. ಫೆಬ್ರವರಿಯಲ್ಲಿ ಆ ಸಭೆಯು ಕೂಡಿದ ಊರು ಯಾವುದೆಂದರೆ, ಅನ್ನಾ ಅಮಾಲಿಯಳ ವೈಮಾರೇ! ಹತ್ತೊಂಬತ್ತು ತುಂಬದ ವಿಧವೆಯೊಬ್ಬಳಿಗೆ ಆಳುವ ಪ್ರಾಯವುಂಟೇ ಎಂದು ಚರ್ಚೆಯಾದ ಊರಿನಲ್ಲಿ ಮರೀ ಯುಖಾತ್ಸ್ ಎಂಬ ಬಡಗಿಯ ಮಗಳು ಎದ್ದುನಿಂತು, ಜರ್ಮನಿಯ ರಾಷ್ಟ್ರಸಭೆಯಲ್ಲಿ ಮಾತನಾಡಿದ ಮೊದಲನೆಯ ಸ್ತ್ರೀಯಾದಳು.

ನಾವು ಮೊದಲು ಕೇಳಿದ ಪ್ರಶ್ನೆಗಳಿಗೆ ಉತ್ತರವು ಈಗ ಸ್ಪಷ್ಟವಾಗಿರಬಹುದು. ಕರಾರುಪತ್ರವು ಅರಸಿಗೆ ಮಾಡನ್ನೂ ಸೌದೆಯನ್ನೂ ಕೊಟ್ಟಿತು. ಆ ಭದ್ರತೆಯು ಅಲ್ಪವಾದುದಲ್ಲ, ಅದಿಲ್ಲದವರ ಗತಿಯನ್ನು ಎಲ್ಲ ದೇಶಗಳಲ್ಲಿಯೂ ಕಾಣಬಹುದು. ಆದರೆ ಅದೇ ಬಗೆಯ ಗೋಡೆಗಳೊಳಗೆ ಒಬ್ಬಳು ಮೂವತ್ತು ವರ್ಷ ಕಿಟಕಿಯಿಂದ ಹಾದಿಯನ್ನು ನೋಡುತ್ತ ಸತ್ತಳು. ಮತ್ತೊಬ್ಬಳು ಒಂದು ಮೇಜನ್ನಿಟ್ಟು ನಾಡಿನ ಸಾಹಿತ್ಯಕ್ಕೆ ಮನೆ ಮಾಡಿಕೊಟ್ಟಳು. ಈ ಅಂತರಕ್ಕೆ ಕಾರಣಗಳು ಎರಡು: ಬಾಗಿಲನ್ನು ತಾನೇ ತೆರೆಯುವ ಹಕ್ಕು, ತೆರೆದ ಮೇಲೆ ಏನು ಮಾಡಬೇಕೆಂಬ ತಿಳಿವಳಿಕೆ. ಹಕ್ಕನ್ನು ಕಾನೂನು ಕೊಡಬೇಕು. ತಿಳಿವಳಿಕೆಯನ್ನು ತಂದೆತಾಯಿಗಳೂ ಶಾಲೆಯೂ ಕೊಡಬೇಕು. ಮಗಳಿಗೆ ಒಡವೆಗಳನ್ನು ಕೂಡಿಸುವಾಗ ಪೌಲೀನೆಯ ತಂದೆಯನ್ನೂ ಒಂದು ಸಲ ನೆನೆದುಕೊಳ್ಳಬೇಕೆಂದು ಹೆತ್ತವರಲ್ಲಿಯೂ, ತಮ್ಮ ತಮ್ಮ ಮನೆಗಳಲ್ಲಿ ಅಂಥ ಒಂದು ಮೇಜಿಗೆ ಸ್ಥಳವಿರಲೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಬಿನ್ನವಿಸಿ, ಈ ಲೇಖನವನ್ನು ಮುಗಿಸುವೆವು.